ನಕ್ಷೆಗೆ ಅಕ್ಷಾಂಶ, ರೇಖಾಂಶ ಕೊಡುವಾಗ ಡಿಗ್ರಿ, ನಿಮಿಷ, ಸೆಕೆಂಡ್ ಗುರುತುಗಳನ್ನು ಟೈಪ್ ಮಾಡುವುದು ಹೇಗೆ?

ಕೀಬೋರ್ಡನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ. ಡಾಲರ್ ಇದೆ, ಪರ್ಸೆಂಟ್ ಇದೆ, ವರ್ಷಕ್ಕೊಮ್ಮೆಯೂ ಬೇಕಾಗದ ಟೋಪಿ ಗುರುತು ^ ಕೂಡ ಇದೆ. ಡಿಗ್ರಿ ಮಾತ್ರ ಇಲ್ಲ. ನಿಮಿಷ, ಸೆಕೆಂಡುಗಳ ಗುರುತು ಇದ್ದ ಹಾಗೆ ಕಾಣುತ್ತದೆ, ಆದರೆ ಅದೂ ನಿಜವಾದದ್ದಲ್ಲ.

ನಾನು ಮೊದಲ ಸಲ ಜಾಗಗಳ ಪಟ್ಟಿ ಮಾಡಿದಾಗ ಒಂದು ಅಡ್ಡದಾರಿ ಹಿಡಿದಿದ್ದೆ. ಸೊನ್ನೆ ಟೈಪ್ ಮಾಡುವುದು, ಅದನ್ನು ಸೂಪರ್‌ಸ್ಕ್ರಿಪ್ಟ್ ಮಾಡಿ ಚಿಕ್ಕದಾಗಿ ಮೇಲೇರಿಸುವುದು. ಕಾಗದದ ಮೇಲೆ ಪ್ರಿಂಟ್ ಚೆನ್ನಾಗೇ ಬಂತು. ಅದೇ ಪಟ್ಟಿಯಿಂದ ಒಂದು ಸಾಲನ್ನು ನಕ್ಷೆಯ ಹುಡುಕು ಪೆಟ್ಟಿಗೆಗೆ ಪೇಸ್ಟ್ ಮಾಡಿದೆ ನೋಡಿ, ಮೇಲೇರಿಸಿದ ಸೊನ್ನೆ ಸೀದಾ ಕೆಳಗಿಳಿದು 48ರ ಪಕ್ಕ ಕೂತಿತು. 48 ಡಿಗ್ರಿ ಹೋಗಿ 480 ಆಯಿತು. ಭೂಮಿಯ ಮೇಲೆ ಅಂಥ ಅಕ್ಷಾಂಶವೇ ಇಲ್ಲ. ನಲವತ್ತು ಸಾಲುಗಳನ್ನು ಮತ್ತೆ ಕೂತು ತಿದ್ದಿದೆ.

ತುರ್ತಿನಲ್ಲಿ ಇರುವವರು ಮೊದಲು ಇಲ್ಲಿಂದ ಕಾಪಿ ಮಾಡಿಕೊಳ್ಳಿ, ಉಳಿದದ್ದನ್ನು ಆಮೇಲೆ ಓದಿದರಾಯಿತು:

° ′ ″

ಎಡದಿಂದ ಬಲಕ್ಕೆ ಡಿಗ್ರಿ, ನಿಮಿಷ, ಸೆಕೆಂಡ್. ಈ ಮೂರನ್ನೂ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಉಳಿಸಿ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಟೈಪ್ ಮಾಡುವ ಮೊದಲು: ಓದುವವರು ಯಾರು?

ಕೀಲಿ ಹುಡುಕುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನೀವು ಬರೆಯುವುದನ್ನು ಓದುವುದು ಮನುಷ್ಯರೋ, ಕಂಪ್ಯೂಟರೋ? ಪುಸ್ತಕ, ವರದಿ, ಲೇಖನ, ಫಲಕ ಆದರೆ ಮನುಷ್ಯರು. ಅಲ್ಲಿ ನಿಜವಾದ ಗುರುತುಗಳನ್ನೇ ಬಳಸಿ, ನೋಡುವುದಕ್ಕೂ ಚೆನ್ನ. ನಕ್ಷೆಯ ಹುಡುಕು ಪೆಟ್ಟಿಗೆ, ಸ್ಪ್ರೆಡ್‌ಶೀಟ್, ಜಿಪಿಎಸ್ ಉಪಕರಣ ಆದರೆ ಓದುವುದು ಯಂತ್ರ. ಅದಕ್ಕೆ ಚೆಂದ ಬೇಡ. ಗುರುತು ಕಡಿಮೆ ಇದ್ದಷ್ಟೂ ತಪ್ಪು ಕಡಿಮೆ. ಎಷ್ಟೋ ಸಲ ಒಂದೂ ವಿಶೇಷ ಗುರುತಿಲ್ಲದೆ ಕೆಲಸ ಮುಗಿಯುತ್ತದೆ.

ಹೇಗೆ ಅಂತೀರಾ? ಪ್ಯಾರಿಸ್ಸಿನ ಐಫೆಲ್ ಗೋಪುರವನ್ನೇ ತೆಗೆದುಕೊಳ್ಳಿ. ಒಂದೇ ಜಾಗವನ್ನು ಮೂರು ರೀತಿ ಬರೆಯಬಹುದು:

48.8584, 2.2945
48° 51.504′ ಉ, 2° 17.670′ ಪೂ
48° 51′ 30.2″ ಉ, 2° 17′ 40.2″ ಪೂ

ಮೊದಲನೆಯದು ದಶಮಾಂಶ ಡಿಗ್ರಿ. ಎರಡನೆಯದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಹಡಗಿನವರಿಗೂ ಜಿಪಿಎಸ್ ಉಪಕರಣ ಹಿಡಿದು ಓಡಾಡುವವರಿಗೂ ಇದು ಪರಿಚಿತ. ಮೂರನೆಯದು ಶಾಲೆಯಲ್ಲಿ ನಾವೆಲ್ಲ ಕಲಿತ ಡಿಗ್ರಿ, ನಿಮಿಷ, ಸೆಕೆಂಡ್. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಬಾಬಿಲೋನಿಯದವರ ಅರವತ್ತರ ಲೆಕ್ಕ ಗಡಿಯಾರದಲ್ಲಿ ಉಳಿದಂತೆ ಇಲ್ಲಿಯೂ ಉಳಿದಿದೆ. ಲ್ಯಾಟಿನ್‌ನಲ್ಲಿ ನಿಮಿಷವನ್ನು ‘ಮೊದಲ ಚಿಕ್ಕ ಭಾಗ’ ಎಂದೂ ಸೆಕೆಂಡನ್ನು ‘ಎರಡನೆಯ ಚಿಕ್ಕ ಭಾಗ’ ಎಂದೂ ಕರೆಯುತ್ತಿದ್ದರು. ನಿಮಿಷಕ್ಕೆ ಒಂದು ಗೀಟು, ಸೆಕೆಂಡಿಗೆ ಎರಡು ಗೀಟು ಎಂದು ನೆನಪಿಟ್ಟುಕೊಳ್ಳಲು ಇದು ಸುಲಭದ ದಾರಿ.

ಮೊದಲ ಸಾಲಿನಲ್ಲಿ ಇರುವುದು ಅಂಕಿ, ಚುಕ್ಕಿ, ಅಲ್ಪವಿರಾಮ ಮಾತ್ರ ಅಲ್ವಾ? ಎಲ್ಲವೂ ಕೀಬೋರ್ಡಿನಲ್ಲೇ ಇವೆ. ನಕ್ಷೆಯಲ್ಲಿ ಸುಮ್ನೆ ಒಂದು ಜಾಗ ಹುಡುಕಬೇಕಾಗಿದ್ದರೆ ಇದನ್ನೇ ಬಳಸಿ, ಮುಂದಿನದನ್ನು ಓದುವ ಅಗತ್ಯವೂ ಇಲ್ಲ. ನಿಮ್ಮ ಕೈಗೆ ಬಂದಿರುವುದು ಮೂರನೆಯ ರೂಪದಲ್ಲಿದ್ದರೆ, ಅಥವಾ ಅದೇ ರೂಪದಲ್ಲಿ ಬರೆದುಕೊಡಿ ಎಂದು ಯಾರಾದರೂ ಕೇಳಿದ್ದರೆ, ಮುಂದೆ ಬನ್ನಿ.

ಅಸಲಿ ಮತ್ತು ನಕಲಿ ಗುರುತುಗಳು

ಡಿಗ್ರಿಯ ಹಾಗೆಯೇ ಕಾಣುವ ವೇಷಧಾರಿಗಳು ಬಹಳ. ಕಣ್ಣಿಗೆ ಎಲ್ಲವೂ ಒಂದು ಚಿಕ್ಕ ವೃತ್ತ, ಕಂಪ್ಯೂಟರಿಗೆ ಒಂದೊಂದೂ ಬೇರೆ ಅಕ್ಷರ.

° ಇದು ಅಸಲಿ ಡಿಗ್ರಿ.
º ಇದು ಸ್ಪ್ಯಾನಿಷ್, ಪೋರ್ಚುಗೀಸ್ ಬರೆಯುವವರು ‘ಒಂದನೆಯ, ಎರಡನೆಯ’ ಎನ್ನಲು ಅಂಕಿಯ ಮುಂದೆ ಹಾಕುವ ಪುಟ್ಟ ಓ ಅಕ್ಷರ. ಕೆಲವು ಫಾಂಟುಗಳಲ್ಲಿ ಇದರ ಕೆಳಗೊಂದು ಗೆರೆ ಇರುತ್ತದೆ, ಆಗ ಗುಟ್ಟು ಬಯಲಾಗುತ್ತದೆ.
˚ ಇದು ಅಕ್ಷರಗಳ ತಲೆಯ ಮೇಲೆ ಬರುವ ಬಳೆಯಂಥ ಗುರುತು.
೦ ಇದು ನಮ್ಮದೇ ಕನ್ನಡದ ಸೊನ್ನೆ. ದುಂಡಗೆ ಇದೆ ಎಂದು ಡಿಗ್ರಿಯ ಜಾಗದಲ್ಲಿ ಇದನ್ನು ಚಿಕ್ಕದು ಮಾಡಿ ಕೂರಿಸುವ ಆಸೆ ಆಗುತ್ತದೆ. ಬೇಡ. ಅನುಸ್ವಾರವೂ ಬೇಡ.

ನಿಮಿಷ, ಸೆಕೆಂಡುಗಳದ್ದು ಇನ್ನೂ ಗೋಜಲು. ಅಸಲಿ ಗುರುತುಗಳು ′ ಮತ್ತು ″. ಇವಕ್ಕೆ ಪ್ರೈಮ್, ಡಬಲ್ ಪ್ರೈಮ್ ಎಂದು ಹೆಸರು. ಸ್ವಲ್ಪ ಬಲಕ್ಕೆ ವಾಲಿಕೊಂಡು ನಿಂತಿರುತ್ತವೆ. ಕೀಬೋರ್ಡಿನಲ್ಲಿ ಎಂಟರ್ ಪಕ್ಕದ ಕೀಲಿಯಿಂದ ಬರುವುದು ' ಮತ್ತು ". ಇವು ನೆಟ್ಟಗೆ ನಿಂತ ಕೋಟ್‌ಗಳು. ಮೂರನೆಯ ಜಾತಿ ’ ಮತ್ತು ”. ಇವು ಬಾಗಿದ ಕೋಟ್‌ಗಳು, ಮಾತನ್ನು ಉದ್ಧರಿಸಲು ಇರುವಂಥವು.

ನೆಟ್ಟಗಿನ ಕೋಟ್ ನಕಲಿಯೇ ಆದರೂ ಎಲ್ಲ ಕಡೆ ನಡೆಯುವ ನಕಲಿ. ನಕ್ಷೆಯ ತಂತ್ರಾಂಶಗಳು ಅದನ್ನು ನಿಮಿಷ, ಸೆಕೆಂಡ್ ಎಂದೇ ಓದುತ್ತವೆ. ಗೂಗಲ್ ಮ್ಯಾಪ್ಸ್ ತನ್ನ ಸಹಾಯ ಪುಟದ ಉದಾಹರಣೆಯಲ್ಲೂ ನೆಟ್ಟಗಿನದನ್ನೇ ಕೊಟ್ಟಿದೆ. ಯಂತ್ರಕ್ಕೆ ಬರೆಯುವಾಗ ಇದನ್ನು ಬಳಸಿ, ಮನುಷ್ಯರಿಗೆ ಬರೆಯುವಾಗ ಪ್ರೈಮ್ ಬಳಸಿ. ಬಾಗಿದ ಕೋಟ್ ಎರಡೂ ಕಡೆ ಬೇಡ.

ವಿಂಡೋಸ್‌ನಲ್ಲಿ, ಬಲಗಡೆ ಅಂಕಿಪಟ್ಟಿ ಇರುವ ಕೀಬೋರ್ಡಾದರೆ

1. ಮೊದಲು ಭಾಷೆ ನೋಡಿ. ಕನ್ನಡ ವಿನ್ಯಾಸ ಚಾಲೂ ಇದ್ದರೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ.
2. ನಮ್ ಲಾಕ್ ದೀಪ ಉರಿಯುತ್ತಿದೆಯೇ ನೋಡಿಕೊಳ್ಳಿ.
3. ಎಡಗಡೆಯ ಆಲ್ಟ್ ಕೀಲಿಯನ್ನು ಒತ್ತಿ ಹಿಡಿಯಿರಿ. ಬಲಗಡೆಯದು ಕೆಲವು ವಿನ್ಯಾಸಗಳಲ್ಲಿ ಬೇರೆ ಕೆಲಸಕ್ಕೆ ಮೀಸಲು.
4. ಹಿಡಿದುಕೊಂಡೇ ಬಲಗಡೆಯ ಅಂಕಿಪಟ್ಟಿಯಲ್ಲಿ 0, 1, 7, 6 ಒತ್ತಿ. ಮೇಲಿನ ಸಾಲಿನ ಅಂಕಿಗಳಿಂದ ಇದು ಆಗುವುದಿಲ್ಲ.
5. ಆಲ್ಟ್ ಬಿಡಿ. ಬಿಟ್ಟ ಮೇಲೆಯೇ ° ಮೂಡುತ್ತದೆ, ಅಲ್ಲಿಯವರೆಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಆಲ್ಟ್ ಜೊತೆ 248 ಒತ್ತಿದರೂ ಡಿಗ್ರಿಯೇ ಬರುತ್ತದೆ. ಅದು ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಹಳೆಯ ಅಕ್ಷರಪಟ್ಟಿಯ ಸಂಖ್ಯೆ. ಮೊದಲು ಸೊನ್ನೆ ಇಟ್ಟರೆ ವಿಂಡೋಸ್ ಪಟ್ಟಿ, ಇಡದಿದ್ದರೆ ಡಾಸ್ ಪಟ್ಟಿ. ಹಾಗಾಗಿ 0176ರ ಸೊನ್ನೆಯನ್ನು ನುಂಗಬೇಡಿ. 0186 ಒತ್ತಿದರೆ ಮೇಲೆ ಹೇಳಿದ ಸ್ಪ್ಯಾನಿಷ್ ಓ ಬರುತ್ತದೆ. ಒಂದು ಅಂಕಿ ತಪ್ಪಿದರೂ ಕಣ್ಣಿಗೆ ಗೊತ್ತಾಗದ ತಪ್ಪು.

ಹಾಗಾದರೆ ಪ್ರೈಮ್‌ಗೂ ಹೀಗೇ ಮಾಡಬಹುದಲ್ಲ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 8242 ತಾನೇ? ಇಲ್ಲೊಂದು ಹಳ್ಳ ಇದೆ, ಸ್ವಲ್ಪ ನಿಂತು ನೋಡೋಣ. ವರ್ಡ್‌ನಲ್ಲಿ ಆಲ್ಟ್ ಜೊತೆ 8242 ಒತ್ತಿದರೆ ಸರಿಯಾಗಿ ′ ಬರುತ್ತದೆ. ಬೇರೆ ಬಹಳಷ್ಟು ತಂತ್ರಾಂಶಗಳು 255ರ ಆಚೆ ಎಣಿಸುವುದಿಲ್ಲ. ಅವು 8242ನ್ನು 256ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಶೇಷ 50. ಐವತ್ತನೆಯ ಅಕ್ಷರ ಯಾವುದು ಗೊತ್ತೇ? ಅಂಕಿ 2. ಅದೇ ರೀತಿ ಡಬಲ್ ಪ್ರೈಮ್‌ನ 8243 ಒತ್ತಿದರೆ ಅಂಕಿ 3 ಬರುತ್ತದೆ. ಅಂದರೆ 51′ ಬರೆಯಲು ಹೋದರೆ 512 ಆಗುತ್ತದೆ, 30″ ಬರೆಯಲು ಹೋದರೆ 303. ಪರದೆಯನ್ನು ನೋಡದೆ ಕೀಬೋರ್ಡ್ ನೋಡಿಕೊಂಡೇ ಟೈಪ್ ಮಾಡುವ ನನ್ನಂಥವರಿಗೆ ಇದು ಪಕ್ಕಾ ಬಲೆ. ಗುರುತು ಬರದೇ ಹೋದರೆ ಗೊತ್ತಾಗುತ್ತದೆ. ಗುರುತಿನ ಜಾಗದಲ್ಲಿ ಅಂಕಿಯೇ ಬಂದು ಕೂತರೆ ಏನು ಗೊತ್ತಾಗಬೇಕು?

ಪ್ರೈಮ್‌ಗೆ ಎಲ್ಲ ಕಡೆ ನಡೆಯುವ ದಾರಿ ಕ್ಯಾರೆಕ್ಟರ್ ಮ್ಯಾಪ್. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿ ತೆರೆಯಿರಿ. ಕೆಳಗಿನ ಅಡ್ವಾನ್ಸ್ಡ್ ವ್ಯೂಗೆ ಟಿಕ್ ಹಾಕಿ. ಯೂನಿಕೋಡ್ ಸಂಖ್ಯೆ ಕೇಳುವ ಪೆಟ್ಟಿಗೆಯಲ್ಲಿ 2032 ಎಂದು ಕೊಟ್ಟರೆ ಪ್ರೈಮ್, 2033 ಎಂದು ಕೊಟ್ಟರೆ ಡಬಲ್ ಪ್ರೈಮ್. ಸೆಲೆಕ್ಟ್, ಕಾಪಿ, ಪೇಸ್ಟ್. 8242 ಮತ್ತು 2032 ಎರಡೂ ಒಂದೇ ಅಕ್ಷರದ ಸಂಖ್ಯೆಗಳೇ. ಒಂದು ಹತ್ತರ ಲೆಕ್ಕದಲ್ಲಿ, ಇನ್ನೊಂದು ಹದಿನಾರರ ಲೆಕ್ಕದಲ್ಲಿ.

ಅಂಕಿಪಟ್ಟಿ ಇಲ್ಲದ ಲ್ಯಾಪ್‌ಟಾಪ್

ಇಲ್ಲಿಯೇ ಹೆಚ್ಚಿನವರು ಸೋಲುವುದು. ಆಲ್ಟ್ 0176 ಎಂದು ಎಲ್ಲರೂ ಹೇಳುತ್ತಾರೆ, ಲ್ಯಾಪ್‌ಟಾಪ್‌ನಲ್ಲಿ ಅದು ನಡೆಯುವುದೇ ಇಲ್ಲ. ಸುಲಭದ ದಾರಿ: ವಿಂಡೋಸ್ ಕೀಲಿ ಹಿಡಿದು ಚುಕ್ಕಿ ಒತ್ತಿ. ಇಮೋಜಿ ಕಿಟಕಿ ತೆರೆಯುತ್ತದೆ. ಅದರ ಮೇಲ್ಭಾಗದಲ್ಲಿ ಸಿಂಬಲ್ಸ್ ಎಂಬ ಭಾಗ ಇದೆ, ಅದರೊಳಗೆ ಡಿಗ್ರಿ ಸಿಗುತ್ತದೆ. ಮೊದಲ ಸಲ ಸ್ವಲ್ಪ ಕೆಳಗೆ ಸರಿಸಿ ಹುಡುಕಬೇಕು. ಒಮ್ಮೆ ಬಳಸಿದ್ದು ಇತ್ತೀಚಿನವುಗಳ ಸಾಲಿನಲ್ಲಿ ಉಳಿದುಕೊಳ್ಳುತ್ತದೆ.

ಪರದೆಯ ಮೇಲಿನ ಕೀಬೋರ್ಡ್ ತೆರೆದು ಅದರ ಆಯ್ಕೆಗಳಲ್ಲಿ ಅಂಕಿಪಟ್ಟಿ ಹಾಕಿಕೊಳ್ಳುವುದೂ ಒಂದು ದಾರಿ. ನಾಲ್ಕು ಅಂಕಿಗೆ ನಾಲ್ಕು ಸಲ ಮೌಸ್ ಕ್ಲಿಕ್ ಮಾಡುವ ತಾಳ್ಮೆ ಇದ್ದವರಿಗೆ.

ದಿನಾ ಇದೇ ಕೆಲಸ ಇರುವವರು ಆಟೋಕರೆಕ್ಟ್ ಬಳಸಿ. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್ ಎಂಬ ಹಾದಿ ಹಿಡಿದು ಹೋಗಿ, ನೀವೇ ಒಂದು ಸಂಕೇತ ಮಾಡಿ ಅದರ ಎದುರು ಗುರುತನ್ನು ಪೇಸ್ಟ್ ಮಾಡಿ. ಸಂಕೇತ ಯಾವ ಸಾಮಾನ್ಯ ಪದದಲ್ಲೂ ಬರಬಾರದು. ನನ್ನದು ಎರಡು ಸೆಮಿಕೋಲನ್ ಮತ್ತು ಒಂದು ಅಂಕಿ. ;;1 ಅಂದರೆ ಡಿಗ್ರಿ, ;;2 ಅಂದರೆ ನಿಮಿಷ, ;;3 ಅಂದರೆ ಸೆಕೆಂಡ್. ಮರೆಯುವ ಪ್ರಶ್ನೆಯೇ ಇಲ್ಲ.

ವರ್ಡ್‌ನಲ್ಲಿ ಆಲ್ಟ್ ಎಕ್ಸ್

ವರ್ಡ್‌ನಲ್ಲಿ ಇನ್ನೊಂದು ಚುರುಕಾದ ಉಪಾಯ ಇದೆ. ಯೂನಿಕೋಡ್ ಸಂಖ್ಯೆ ಟೈಪ್ ಮಾಡಿ ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಸಂಖ್ಯೆ ಗುರುತಾಗಿ ಬದಲಾಗುತ್ತದೆ. 2032 ಪ್ರೈಮ್ ಆಗುತ್ತದೆ, 2033 ಡಬಲ್ ಪ್ರೈಮ್. ಡಿಗ್ರಿಗೆ ಎರಡು ಸೊನ್ನೆ, ಇಂಗ್ಲಿಷಿನ ಬಿ, ಮತ್ತೊಂದು ಸೊನ್ನೆ.

ತೊಡಕು ಏನೆಂದರೆ, ನಾವು ಇದನ್ನು ಬಳಸುವುದು ಅಂಕಿಯ ಬೆನ್ನಿಗೇ. 51 ಎಂದು ಟೈಪ್ ಮಾಡಿ ಅದಕ್ಕೆ ಅಂಟಿಸಿ 2032 ಎಂದು ಟೈಪ್ ಮಾಡಿದರೆ ಪರದೆಯ ಮೇಲೆ 512032 ಇರುತ್ತದೆ. ಸಂಖ್ಯೆ ಎಲ್ಲಿಂದ ಶುರು ಎಂದು ವರ್ಡ್‌ಗೆ ಹೇಗೆ ಗೊತ್ತಾಗಬೇಕು ಪಾಪ? ಹಾಗಾಗಿ ಕೊನೆಯ ನಾಲ್ಕು ಅಕ್ಷರಗಳನ್ನು ಮಾತ್ರ ಸೆಲೆಕ್ಟ್ ಮಾಡಿ, ಆಮೇಲೆ ಆಲ್ಟ್ ಎಕ್ಸ್ ಒತ್ತಿ.

ಇದನ್ನೇ ಉಲ್ಟಾ ಬಳಸಿದರೆ ಪತ್ತೇದಾರಿ ಕೆಲಸವೂ ಆಗುತ್ತದೆ. ಯಾರೋ ಕಳಿಸಿದ ಪಟ್ಟಿಯಲ್ಲಿ ಅನುಮಾನದ ಗುರುತು ಕಂಡರೆ ಅದೊಂದನ್ನೇ ಸೆಲೆಕ್ಟ್ ಮಾಡಿ ಆಲ್ಟ್ ಎಕ್ಸ್ ಒತ್ತಿ. ಗುರುತು ಹೋಗಿ ಅದರ ಸಂಖ್ಯೆ ಬರುತ್ತದೆ. 2032 ಬಂದರೆ ಅಸಲಿ ಪ್ರೈಮ್, 2019 ಬಂದರೆ ಬಾಗಿದ ಕೋಟ್. ಮತ್ತೊಮ್ಮೆ ಒತ್ತಿದರೆ ಗುರುತು ವಾಪಸ್.

ತಾನೇ ಬಾಗುವ ಕೋಟ್‌ಗಳನ್ನು ತಡೆಯುವುದು

ನೀವು ನೆಟ್ಟಗಿನ ಕೋಟ್ ಒತ್ತಿರುತ್ತೀರಿ, ತಂತ್ರಾಂಶ ಬುದ್ಧಿವಂತಿಕೆ ತೋರಿಸಿ ಅದನ್ನು ಬಗ್ಗಿಸುತ್ತದೆ. ಇದಕ್ಕೆ ಸ್ಮಾರ್ಟ್ ಕೋಟ್ಸ್ ಎಂದು ಹೆಸರು. ಕಥೆ ಬರೆಯುವವರಿಗೆ ಉಪಕಾರ, ನಮಗೆ ಉಪದ್ರವ.

ಒಂದೆರಡು ಕಡೆ ಮಾತ್ರ ಆದರೆ, ಕೋಟ್ ಬಾಗಿದ ತಕ್ಷಣ ಕಂಟ್ರೋಲ್ ಝಡ್ ಒತ್ತಿ. ನೀವು ಟೈಪ್ ಮಾಡಿದ್ದು ಅಳಿಯುವುದಿಲ್ಲ, ಬಾಗಿದ್ದು ಮಾತ್ರ ನೆಟ್ಟಗಾಗುತ್ತದೆ. ಜಾಸ್ತಿ ಇದ್ದರೆ ಈ ಸೌಲಭ್ಯವನ್ನೇ ಆರಿಸಿ. ವರ್ಡ್‌ನಲ್ಲಿ ಮೇಲೆ ಹೇಳಿದ ಆಟೋಕರೆಕ್ಟ್ ಕಿಟಕಿಯಲ್ಲೇ ಆಟೋಫಾರ್ಮ್ಯಾಟ್ ಆಸ್ ಯು ಟೈಪ್ ಎಂಬ ಪುಟ ಇದೆ, ಅಲ್ಲಿ ಕೋಟ್‌ಗಳ ಮುಂದಿನ ಟಿಕ್ ತೆಗೆಯಿರಿ. ಗೂಗಲ್ ಡಾಕ್ಸ್‌ನಲ್ಲಿ ಟೂಲ್ಸ್, ಪ್ರಿಫರೆನ್ಸಸ್. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ, ಇನ್‌ಪುಟ್ ಸೋರ್ಸಸ್ ಪಕ್ಕದ ಎಡಿಟ್ ಒಳಗೆ.

ಮೈನಸ್‌ಗೂ ಇದೇ ಗತಿ. ಎಂಟರ್‌ನ ಮೇಲ್ಗಡೆ, ಸೊನ್ನೆಯ ಪಕ್ಕದಲ್ಲಿರುವ - ಒಂದು. ವರ್ಡ್ ತಾನಾಗಿ ಉದ್ದ ಮಾಡುವ – ಇನ್ನೊಂದು. ಗಣಿತದ − ಮತ್ತೊಂದು. ನಕ್ಷೆಯ ಪೆಟ್ಟಿಗೆಗೆ ಮೊದಲನೆಯದನ್ನೇ ಕೊಡಿ.

ಮ್ಯಾಕ್, ಲಿನಕ್ಸ್, ಫೋನ್

ಮ್ಯಾಕ್‌ನಲ್ಲಿ ಡಿಗ್ರಿ ಸಲೀಸು. ಅಮೆರಿಕನ್ ಇಂಗ್ಲಿಷ್ ವಿನ್ಯಾಸದಲ್ಲಿ ಆಪ್ಷನ್ ಮತ್ತು ಶಿಫ್ಟ್ ಹಿಡಿದು 8 ಒತ್ತಿ, ಅಷ್ಟೇ. ಆದರೆ ಅಕ್ಕಪಕ್ಕದಲ್ಲೇ ಇಬ್ಬರು ವೇಷಧಾರಿಗಳಿದ್ದಾರೆ. ಆಪ್ಷನ್ ಹಿಡಿದು ಸೊನ್ನೆ ಒತ್ತಿದರೆ º, ಆಪ್ಷನ್ ಹಿಡಿದು ಕೆ ಒತ್ತಿದರೆ ˚. ಯಾರೋ ‘ನನಗೆ ಇನ್ನೂ ಸುಲಭದ ಶಾರ್ಟ್‌ಕಟ್ ಗೊತ್ತು’ ಎಂದು ಹೇಳಿದರೆ ಬಹುಶಃ ಈ ಎರಡರಲ್ಲಿ ಒಂದನ್ನು ಹೇಳುತ್ತಿರುತ್ತಾರೆ. ಪ್ರೈಮ್ ಬೇಕಾದರೆ ಕಂಟ್ರೋಲ್, ಕಮಾಂಡ್ ಹಿಡಿದು ಸ್ಪೇಸ್ ಒತ್ತಿ. ತೆರೆಯುವ ಕಿಟಕಿಯಲ್ಲಿ ಪ್ರೈಮ್ ಎಂದು ಇಂಗ್ಲಿಷಿನಲ್ಲಿ ಹುಡುಕಿ.

ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಶಿಫ್ಟ್ ಹಿಡಿದು ಯು ಒತ್ತಿ. ಅಡಿಗೆರೆ ಇರುವ ಒಂದು ಯು ಕಾಣುತ್ತದೆ. ಆಗ 2032 ಟೈಪ್ ಮಾಡಿ ಎಂಟರ್ ಒತ್ತಿ. ಡಿಗ್ರಿಗೆ ಬಿ ಮತ್ತು 0 ಸಾಕು. ಕ್ರೋಮ್‌ಬುಕ್‌ನಲ್ಲೂ ಇದೇ ಕ್ರಮ. ಕಂಪೋಸ್ ಕೀಲಿ ಹೊಂದಿಸಿಕೊಂಡವರು ಅದನ್ನು ಒತ್ತಿ, ಸಣ್ಣ ಓ ಅಕ್ಷರವನ್ನು ಎರಡು ಸಲ ಒತ್ತಿದರೆ ಡಿಗ್ರಿ. ಐಫೋನ್‌ನಲ್ಲಿ ಸೊನ್ನೆಯನ್ನು ಒತ್ತಿ ಹಿಡಿದರೆ ಮೇಲೆ ಡಿಗ್ರಿ ಪುಟಿಯುತ್ತದೆ.

ಕನ್ನಡದಲ್ಲಿ ಟೈಪ್ ಮಾಡುತ್ತಿದ್ದರೆ

ಕನ್ನಡ ಬರಹದ ನಡುವೆ ಅಕ್ಷಾಂಶ ಬರೆಯುವಾಗ ಒಂದು ತಮಾಷೆ ಆಗುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕೋಟ್ ಕೀಲಿಯ ಜಾಗದಲ್ಲಿ ಟಕಾರ ಕೂತಿದೆ, ಶಿಫ್ಟ್ ಹಿಡಿದರೆ ಠಕಾರ. ಹಾಗಾಗಿ 51 ನಿಮಿಷ 30 ಸೆಕೆಂಡ್ ಎಂದು ಬರೆಯಲು ಹೋದರೆ 51ಟ 30ಠ ಎಂದು ಬರುತ್ತದೆ. ಓದಿದರೆ ಯಾರೋ ಗುದ್ದಿದ ಸದ್ದು. ಭಾಷೆ ಬದಲಿಸಿ ಗುರುತು ಹಾಕಿ, ಮತ್ತೆ ಕನ್ನಡಕ್ಕೆ ಬನ್ನಿ.

ಕೆಲವು ವಿನ್ಯಾಸಗಳಲ್ಲಿ ಅಂಕಿಗಳೂ ಕನ್ನಡದ್ದೇ ಬರುತ್ತವೆ. ಓದುವವರಿಗೆ ೪೮ ಚೆಂದವೇ. ನಕ್ಷೆಯ ಪೆಟ್ಟಿಗೆಗೆ ಮಾತ್ರ 48 ಕೊಡಿ.

ದಿಕ್ಕಿನ ಅಕ್ಷರವನ್ನೂ ಮರೆಯಬೇಡಿ. ಕನ್ನಡ ಪುಸ್ತಕಕ್ಕೆ ಉ, ದ, ಪೂ, ಪ ಸಾಕು. ಪೂ ಅಂದರೆ ಪೂರ್ವ, ಪ ಅಂದರೆ ಪಶ್ಚಿಮ. ದೀರ್ಘದ ಕೊಂಬು ಬಿಟ್ಟುಹೋದರೆ ಜಾಗ ಭೂಮಿಯ ಇನ್ನೊಂದು ಬದಿಗೆ ಹೋಗುತ್ತದೆ, ಹುಷಾರು. ಇಂಥ ಕಡೆ ನಾನು ಪೂರ್ವ, ಪಶ್ಚಿಮ ಎಂದು ಪೂರ್ತಿಯೇ ಬರೆಯುತ್ತೇನೆ. ನಕ್ಷೆಯ ತಂತ್ರಾಂಶಕ್ಕೆ ಇಂಗ್ಲಿಷಿನ ದೊಡ್ಡಕ್ಷರಗಳೇ ಬೇಕು: ಉತ್ತರಕ್ಕೆ ಎನ್, ದಕ್ಷಿಣಕ್ಕೆ ಎಸ್, ಪೂರ್ವಕ್ಕೆ ಇ, ಪಶ್ಚಿಮಕ್ಕೆ ಡಬ್ಲ್ಯೂ.

ಈಗ ನಕ್ಷೆಯ ಪೆಟ್ಟಿಗೆಗೆ

1. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ.
2. ದಶಮಾಂಶಕ್ಕೆ ಚುಕ್ಕಿ ಹಾಕಿ. ಯುರೋಪಿನ ಹಲವು ದೇಶಗಳಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಅಲ್ಲಿಂದ ಬಂದ ಪಟ್ಟಿಯಲ್ಲಿ 48,8584 ಎಂದಿದ್ದರೆ ಮೊದಲು ತಿದ್ದಿ.
3. ಗುರುತು ಸಹಿತ ಬರೆಯುವುದಾದರೆ 48°51'30.2" ಎಂದು ನೆಟ್ಟಗಿನ ಕೋಟ್ ಹಾಕಿ, ಬೆನ್ನಿಗೇ ದಿಕ್ಕಿನ ಇಂಗ್ಲಿಷ್ ಅಕ್ಷರ. ಒಂದು ಸ್ಪೇಸ್ ಬಿಟ್ಟು ರೇಖಾಂಶವನ್ನೂ ಹೀಗೇ ಬರೆಯಿರಿ.
4. ಡಿಗ್ರಿ ಗುರುತು ಸಿಗಲೇ ಇಲ್ಲವೇ? ಗೂಗಲ್ ಮ್ಯಾಪ್ಸ್‌ಗೆ 48 51.504, 2 17.670 ಎಂದು ಸ್ಪೇಸ್ ಬಿಟ್ಟು ಕೊಟ್ಟರೂ ಅರ್ಥವಾಗುತ್ತದೆ.
5. ದಶಮಾಂಶ ರೂಪದಲ್ಲಿ ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್. ಮೈನಸ್ ಮತ್ತು ದಿಕ್ಕಿನ ಅಕ್ಷರ ಎರಡನ್ನೂ ಒಟ್ಟಿಗೆ ಹಾಕಬೇಡಿ.

ಸಿಡ್ನಿಯ ಒಪೆರಾ ಹೌಸ್ -33.8568, 151.2153ರಲ್ಲಿದೆ. ಮೈನಸ್ ಬಿಟ್ಟರೆ ಅದು ಜಪಾನಿನ ಪೂರ್ವಕ್ಕೆ, ಪೆಸಿಫಿಕ್ ಸಾಗರದ ನಡುವೆ ತೇಲುತ್ತದೆ. ಐಫೆಲ್ ಗೋಪುರದ ಎರಡು ಸಂಖ್ಯೆಗಳನ್ನು ಅದಲು ಬದಲು ಮಾಡಿದರೆ ಅದು ಸೊಮಾಲಿಯಾದ ಆಚೆ ಹಿಂದೂ ಮಹಾಸಾಗರಕ್ಕೆ ಬೀಳುತ್ತದೆ. ತಂತ್ರಾಂಶ ತಪ್ಪು ಎಂದು ಹೇಳುವುದೂ ಇಲ್ಲ, ಯಾಕೆಂದರೆ ಎರಡೂ ಸಂಖ್ಯೆ 90ರ ಒಳಗೇ ಇವೆ. ಸಿಡ್ನಿಯದ್ದು ಅದಲು ಬದಲಾದರೆ ಮಾತ್ರ ಸಿಕ್ಕಿಬೀಳುತ್ತದೆ. 151 ಡಿಗ್ರಿ ಅಕ್ಷಾಂಶ ಎಂಬುದು ಎಲ್ಲೂ ಇಲ್ಲವಲ್ಲ.

ಫೈಲ್ ಮೂಲಕ ಕೊಡುವವರು ಗಮನಿಸಿ. ನಕ್ಷೆಯ ಮಾಹಿತಿ ಇಡುವ ಜಿಯೋಜೇಸನ್ ಮತ್ತು ಕೆಎಂಎಲ್ ಫೈಲುಗಳಲ್ಲಿ ಕ್ರಮ ಉಲ್ಟಾ. ಅಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ, ಗುರುತುಗಳಂತೂ ಬೇಡವೇ ಬೇಡ.

ಎಷ್ಟು ಅಂಕಿ ಬರೆಯಬೇಕು ಎಂದೂ ಕೇಳುತ್ತಾರೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ಒಂದು ಸೆಕೆಂಡ್ ಸುಮಾರು 31 ಮೀಟರ್. ಚುಕ್ಕಿಯ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್‌ವರೆಗೆ ಹೇಳಿದಂತೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವಾಗ ಎಂಟು ಅಂಕಿ ಬರೆಯುವುದು ಬರೀ ಅಲಂಕಾರ.

ಸ್ಪ್ರೆಡ್‌ಶೀಟಿನಲ್ಲಿ

ಎಕ್ಸೆಲ್‌ನಲ್ಲಿ ಗುರುತುಗಳನ್ನು ಟೈಪ್ ಮಾಡಲೇಬೇಡಿ. ಡಿಗ್ರಿಗೆ ಒಂದು ಕಾಲಂ, ನಿಮಿಷಕ್ಕೆ ಒಂದು, ಸೆಕೆಂಡಿಗೆ ಒಂದು, ದಿಕ್ಕಿಗೆ ಇನ್ನೊಂದು. ದಶಮಾಂಶ ಬೇಕಾದರೆ ಲೆಕ್ಕ ಇಷ್ಟೇ:

ಡಿಗ್ರಿ + ನಿಮಿಷ ÷ 60 + ಸೆಕೆಂಡ್ ÷ 3600

ದಿಕ್ಕು ದಕ್ಷಿಣ ಅಥವಾ ಪಶ್ಚಿಮ ಆಗಿದ್ದರೆ ಬಂದ ಉತ್ತರವನ್ನು -1ರಿಂದ ಗುಣಿಸಿ. ಮೈನಸ್ಸನ್ನು ಡಿಗ್ರಿಯ ಕಾಲಂಗೇ ಹಾಕಿದರೆ ಏನಾಗುತ್ತದೆ ನೋಡಿ. ಒಪೆರಾ ಹೌಸ್‌ನ ಅಕ್ಷಾಂಶ ದಕ್ಷಿಣಕ್ಕೆ 33° 51′ 24.5″. -33ಕ್ಕೆ 51 ನಿಮಿಷ, 24.5 ಸೆಕೆಂಡ್ ಕೂಡಿಸಿದರೆ -32.1432 ಬರುತ್ತದೆ. ಬರಬೇಕಾದದ್ದು -33.8568. ಸುಮಾರು 190 ಕಿಲೋಮೀಟರ್ ತಪ್ಪು.

ಇನ್ನೂ ಸೂಕ್ಷ್ಮವಾದದ್ದು ಗ್ರೀನಿಚ್. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನ ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ರೇಖೆಯನ್ನೇ ಸೊನ್ನೆ ರೇಖಾಂಶ ಎಂದು ಒಪ್ಪಿತು. ಇವತ್ತಿನ ಜಿಪಿಎಸ್ ಲೆಕ್ಕದ ಸೊನ್ನೆ ಅದರಿಂದ ಪೂರ್ವಕ್ಕೆ ಸುಮಾರು 102 ಮೀಟರ್ ಸರಿದಿದೆ. ಹಾಗಾಗಿ ಆ ಹಳೆಯ ರೇಖೆಯ ರೇಖಾಂಶ ಈಗ ಪಶ್ಚಿಮಕ್ಕೆ 0° 0′ 5.3″. ಇದನ್ನು ಡಿಗ್ರಿಯ ಕಾಲಂನಲ್ಲಿ -0 ಎಂದು ಬರೆದರೆ ಎಕ್ಸೆಲ್ ಅದನ್ನು ಬರೀ 0 ಎಂದು ಇಟ್ಟುಕೊಳ್ಳುತ್ತದೆ. ಮೈನಸ್ ಮಾಯ, ಪಶ್ಚಿಮ ಪೂರ್ವವಾಯಿತು. ದಿಕ್ಕಿಗೆ ಪ್ರತ್ಯೇಕ ಕಾಲಂ ಇರಲಿ ಎಂದದ್ದು ಇದಕ್ಕೇ.

ಕೊನೆಗೆ ಗುರುತು ಸಹಿತ ಅಂದವಾಗಿ ತೋರಿಸಬೇಕಾದರೆ ಯೂನಿಚಾರ್ ಫಂಕ್ಷನ್ ಇದೆ. ಅದಕ್ಕೆ 176 ಕೊಟ್ಟರೆ ಡಿಗ್ರಿ, 8242 ಕೊಟ್ಟರೆ ಪ್ರೈಮ್, 8243 ಕೊಟ್ಟರೆ ಡಬಲ್ ಪ್ರೈಮ್. ಎಕ್ಸೆಲ್ 2013ರಿಂದ ಈಚೆಗೆ ಇದು ಸಿಗುತ್ತದೆ.

ಪೆಟ್ಟಿಗೆ ಒಪ್ಪದಿದ್ದರೆ

ಎಲ್ಲ ಸರಿಯಿದ್ದೂ ನಕ್ಷೆ ಏನೂ ಸಿಗಲಿಲ್ಲ ಎಂದರೆ, ಹೊರಗಿನಿಂದ ಪೇಸ್ಟ್ ಮಾಡಿದ ಗುರುತುಗಳನ್ನೆಲ್ಲ ಅಳಿಸಿ ಕೈಯಾರೆ ಟೈಪ್ ಮಾಡಿ. ಸ್ಪೇಸ್‌ಗಳನ್ನೂ ಅಳಿಸಿ ಮತ್ತೆ ಹಾಕಿ. ಪಿಡಿಎಫ್, ವೆಬ್ ಪುಟಗಳಿಂದ ಬರುವ ಸ್ಪೇಸ್ ಕೆಲವೊಮ್ಮೆ ಮಾಮೂಲಿ ಸ್ಪೇಸ್ ಆಗಿರುವುದಿಲ್ಲ, ಕಣ್ಣಿಗಂತೂ ವ್ಯತ್ಯಾಸ ಕಾಣುವುದೇ ಇಲ್ಲ.

ಫೈಲ್ ತೆರೆದಾಗ ಪ್ರತಿ ಡಿಗ್ರಿಯ ಹಿಂದೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಎ ಅಕ್ಷರ ಕಾಣುತ್ತಿದೆಯೇ? ಗುರುತು ತಪ್ಪಾಗಿಲ್ಲ. ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್ 8 ಎಂಬ ಕ್ರಮದಲ್ಲಿ ಉಳಿಸಿದ್ದನ್ನು ತಂತ್ರಾಂಶ ಹಳೆಯ ಅಕ್ಷರಪಟ್ಟಿಯಲ್ಲಿ ಓದುತ್ತಿದೆ. ಡಿಗ್ರಿಗೆ ಯುಟಿಎಫ್ 8ರಲ್ಲಿ ಎರಡು ಬೈಟ್ ಬೇಕು, ಹಳೆಯ ಪಟ್ಟಿ ಆ ಎರಡನ್ನು ಎರಡು ಅಕ್ಷರ ಎಂದುಕೊಳ್ಳುತ್ತದೆ. ಫೈಲನ್ನು ಮತ್ತೆ ತೆರೆಯುವಾಗ ಯುಟಿಎಫ್ 8 ಆರಿಸಿಕೊಂಡರೆ ಟೋಪಿಯವನು ಹೊರಟುಹೋಗುತ್ತಾನೆ.

ಇನ್ನು, ಪಟ್ಟಿಯನ್ನು ನಕ್ಷೆಗೆ ಏರಿಸಿದಾಗ ಕೆಲವು ಜಾಗಗಳು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನೀರಿನಲ್ಲಿ ಗುಂಪಾಗಿ ಬಿದ್ದಿದ್ದರೆ ಗಾಬರಿ ಬೇಡ. ಅದು 0, 0. ಅಕ್ಷಾಂಶವೂ ಸೊನ್ನೆ, ರೇಖಾಂಶವೂ ಸೊನ್ನೆ ಆಗುವ ಜಾಗ. ನಕ್ಷೆ ಮಾಡುವವರು ತಮಾಷೆಗೆ ಅದನ್ನು ನಲ್ ಐಲೆಂಡ್ ಎನ್ನುತ್ತಾರೆ, ಅಲ್ಲಿ ದ್ವೀಪವೇನೂ ಇಲ್ಲ. ಓದಲಾಗದ ಸಾಲುಗಳನ್ನು ಕೆಲವು ತಂತ್ರಾಂಶಗಳು ಸೊನ್ನೆ ಎಂದು ಎಣಿಸಿ ಅಲ್ಲಿಗೆ ಕಳಿಸಿಬಿಡುತ್ತವೆ. ಆ ಸಾಲುಗಳನ್ನು ಒಂದೊಂದಾಗಿ ತೆರೆದು ನೋಡಿ. ಒಂದರಲ್ಲಿ ಬಾಗಿದ ಕೋಟ್ ಇರುತ್ತದೆ, ಇನ್ನೊಂದರಲ್ಲಿ ಕನ್ನಡದ ಸೊನ್ನೆ.